ಕ್ರಿಸ್ತಜಯಂತಿಯ ಪ್ರಶ್ನೋತ್ತರ: ನಂಬಿದವರ ಮನೆಯಲ್ಲಿ ಏನು ಬದಲಾಗಬೇಕು?

ಡಿಸೆಂಬರ್ ಸಂಚಿಕೆಗೆಂದು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳಿದ್ದವು. ಯೇಸುವನ್ನು ನಂಬಿದವರ ಬದುಕು ನಿಜವಾಗಿ ಬದಲಾಗುತ್ತದೆಯೇ, ಬದಲಾದರೆ ಅದು ಎಲ್ಲಿ ಕಾಣಿಸಬೇಕು, ಕಾಣಿಸದಿದ್ದರೆ ಏನೆಂದು ತಿಳಿಯಬೇಕು ಎಂಬುದೇ ಆ ವಿಷಯ. ಹಬ್ಬದ ಆಚರಣೆ, ದಿನಾಂಕ, ಹಾಡುಗಳ ಕುರಿತ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು, ಈ ಸಲ ಐದು ಪತ್ರಗಳಿಗಷ್ಟೇ ಉತ್ತರಿಸುತ್ತಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ, ಪತ್ರಗಳನ್ನು ಸಂಕ್ಷೇಪಿಸಿದ್ದೇನೆ.

ಪ್ರಶ್ನೆ: ಕಳೆದ ಕ್ರಿಸ್ಮಸ್ ರಾತ್ರಿಯ ಆರಾಧನೆಯಲ್ಲಿ ನನ್ನ ಯಜಮಾನರು ಎದ್ದು ನಿಂತು, ಕ್ರಿಸ್ತನು ತನ್ನನ್ನು ಮುಟ್ಟಿದ್ದಾನೆ, ಇನ್ನು ಕುಡಿಯುವುದಿಲ್ಲ ಎಂದು ಸಭೆಯ ಮುಂದೆ ಸಾಕ್ಷಿ ಹೇಳಿದರು. ಸುಳ್ಳಾಡಬಾರದು, ಅಂದಿನಿಂದ ಅವರು ಕುಡಿದಿಲ್ಲ. ಆದರೆ ಸಿಟ್ಟು ಹಾಗೆಯೇ ಇದೆ, ಬೈಗುಳ ಹಾಗೆಯೇ ಇದೆ, ಸಂಬಳ ಎಷ್ಟು ಬರುತ್ತದೆಂದು ಇಂದಿಗೂ ನನಗೆ ಗೊತ್ತಿಲ್ಲ. ಅವರ ಗಾಡಿಯ ಸದ್ದು ಕೇಳಿದರೆ ಮಗಳು ಪುಸ್ತಕ ಎತ್ತಿಕೊಂಡು ಒಳಕೋಣೆಗೆ ಹೋಗುತ್ತಾಳೆ. ಈ ಕ್ರಿಸ್ಮಸ್‌ಗೆ ಮತ್ತೆ ಸಾಕ್ಷಿ ಹೇಳಬೇಕೆಂದು ಸಭೆಯವರು ಅವರನ್ನು ಕೇಳಿದ್ದಾರೆ. ನಾನು ಆ ರಾತ್ರಿ ಹೇಗೆ ಕುಳಿತಿರಲಿ? (ಓದುಗರೊಬ್ಬರು, ಬೆಟಗೇರಿ)

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ದೇವರಿಗೆ ಸ್ತೋತ್ರ ಹೇಳಬೇಕಾದ ಸಂಗತಿಯೊಂದಿದೆ, ಅದನ್ನು ಮೊದಲು ಹೇಳುತ್ತೇನೆ. ಕುಡಿತಕ್ಕೆ ಬಿದ್ದ ಮನುಷ್ಯ ವರ್ಷವಿಡೀ ಅದನ್ನು ಮುಟ್ಟದೆ ಇರುವುದು ಸಣ್ಣ ಮಾತಲ್ಲ. ಅಷ್ಟು ಬದಲಾವಣೆ ನಿಮ್ಮ ಮನೆಯಲ್ಲಿ ಆಗಿದೆ. ಆದರೆ ನೀವು ಕೇಳುತ್ತಿರುವುದು ಉಳಿದುಹೋದದ್ದರ ಬಗ್ಗೆ, ಮತ್ತು ಆ ಪ್ರಶ್ನೆ ಅವಿಶ್ವಾಸದ ಪ್ರಶ್ನೆಯಲ್ಲ.

ಇಂಗ್ಲೆಂಡಿನ ಜಾನ್ ನ್ಯೂಟನ್ ಎಂಬವನ ಕಥೆಯನ್ನು ಪ್ರಸಂಗಗಳಲ್ಲಿ ಹೇಗೆ ಹೇಳುತ್ತಾರೆಂದು ನೀವು ಕೇಳಿರಬಹುದು. ಗುಲಾಮರ ವ್ಯಾಪಾರದಲ್ಲಿ ತೊಡಗಿದ್ದ ನಾವಿಕ, 1748ರ ಮಾರ್ಚ್ ತಿಂಗಳಲ್ಲಿ ನಡುಗಡಲಿನ ಬಿರುಗಾಳಿಗೆ ಸಿಕ್ಕಿ, ಹಡಗಿಗೆ ನೀರು ನುಗ್ಗುತ್ತಿದ್ದಾಗ ದೇವರಿಗೆ ಮೊರೆಯಿಟ್ಟ, ಉಳಿದ, ಹೊಸ ಮನುಷ್ಯನಾದ, ದೇವರ ಕೃಪೆಯನ್ನು ಕುರಿತು ಇಂದಿಗೂ ಲೋಕವೆಲ್ಲ ಹಾಡುವ ಕೀರ್ತನೆಯನ್ನು ಬರೆದ. ಕಥೆ ಐದು ನಿಮಿಷದಲ್ಲಿ ಮುಗಿಯುತ್ತದೆ, ಸಭೆ ಆಮೆನ್ ಅನ್ನುತ್ತದೆ.

ನಡೆದದ್ದು ಹಾಗಲ್ಲ. ಆ ಬಿರುಗಾಳಿಯಾದ ಮೇಲೆಯೇ ಅವನು ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾದದ್ದು. 1750ರಿಂದ 1754ರವರೆಗೆ ಮೂರು ಯಾನಗಳಲ್ಲಿ ಆಫ್ರಿಕದ ಗಂಡಸರನ್ನು, ಹೆಂಗಸರನ್ನು, ಮಕ್ಕಳನ್ನು ಕಡಲಾಚೆಗೆ ಒಯ್ದು ಮಾರಿದ. ಕೆಳಗೆ ಅವರು ಸಂಕೋಲೆಯಲ್ಲಿ ಬಿದ್ದಿದ್ದಾಗ, ಮೇಲೆ ಭಾನುವಾರಗಳಂದು ನಾವಿಕರನ್ನು ಕೂಡಿಸಿಕೊಂಡು ಪ್ರಾರ್ಥನೆ ನಡೆಸುತ್ತಿದ್ದ. 1754ರಲ್ಲಿ ಕಡಲ ಕೆಲಸ ಬಿಟ್ಟದ್ದು ಮನಸ್ಸಾಕ್ಷಿ ಚುಚ್ಚಿದ್ದರಿಂದಲ್ಲ, ಆರೋಗ್ಯ ಕೆಟ್ಟದ್ದರಿಂದ. 1764ರಲ್ಲಿ ಓಲ್ನಿ ಎಂಬ ಊರಿನ ಸಭಾಪಾಲಕನಾದ. ಆ ಕೀರ್ತನೆಯನ್ನು ಬರೆದದ್ದು 1773ರ ಹೊಸ ವರ್ಷದ ಆರಾಧನೆಗೆ. ಗುಲಾಮರ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದದ್ದಾದರೋ 1788ರಲ್ಲಿ, ಬಿರುಗಾಳಿ ಕಳೆದು ನಲವತ್ತು ವರ್ಷಗಳಾದ ಮೇಲೆ. ಆ ಬರಹದಲ್ಲಿ ಅವನು ತನ್ನನ್ನು ಮರೆಮಾಡಿಕೊಳ್ಳಲಿಲ್ಲ. ಈಗ ನೆನೆದರೆ ಎದೆ ನಡುಗುವ ಈ ಕೆಲಸವನ್ನು ಒಂದು ಕಾಲದಲ್ಲಿ ತಾನೇ ಮಾಡಿದೆನೆಂದು ಒಪ್ಪಿಕೊಂಡ, ಕಪಾಟಿನಲ್ಲಿ ಪುಸ್ತಕ ಜೋಡಿಸಿದ ಹಾಗೆ ಮನುಷ್ಯರನ್ನು ಒಬ್ಬರಿಗೊಬ್ಬರು ಒತ್ತಿ ಮಲಗಿಸುತ್ತಿದ್ದುದನ್ನು ಕಂಡವನಾಗಿ ವಿವರಿಸಿದ. ಪಾರ್ಲಿಮೆಂಟಿನ ವಿಚಾರಣೆಯಲ್ಲಿ ಅದನ್ನೇ ಹೇಳಿದ. ಆ ವ್ಯಾಪಾರವನ್ನು ನಿಷೇಧಿಸುವ ಕಾಯ್ದೆ 1807ರ ಮಾರ್ಚ್ ತಿಂಗಳಲ್ಲಿ ಬಂತು. ಅದೇ ವರ್ಷ ಡಿಸೆಂಬರ್ 21ರಂದು ನ್ಯೂಟನ್ ತೀರಿಕೊಂಡ.

ಈ ಕಥೆಯನ್ನು ಪೂರ್ತಿಯಾಗಿ ಹೇಳಿದ್ದಕ್ಕೆ ಕಾರಣವಿದೆ. ಒಬ್ಬ ಮನುಷ್ಯನಲ್ಲಿ ದೇವರ ಕೆಲಸ ನಿಜವಾಗಿ ಆರಂಭವಾಗಿರಬಹುದು, ಆದರೂ ಅವನ ಬದುಕಿನ ಒಂದು ಇಡೀ ಭಾಗಕ್ಕೆ ಅದು ಇನ್ನೂ ತಲುಪಿಲ್ಲದಿರಬಹುದು. ನ್ಯೂಟನ್ ತಾನೇ ಮುಂದೆ, ಆ ಬಿರುಗಾಳಿಯ ದಿನದಿಂದ ಬಹಳ ಕಾಲ ಕಳೆಯುವವರೆಗೂ ತಾನು ಪೂರ್ಣ ಅರ್ಥದಲ್ಲಿ ವಿಶ್ವಾಸಿಯಾಗಿರಲಿಲ್ಲ ಎಂದು ಬರೆದುಕೊಂಡಿದ್ದಾನೆ. ನಿಮ್ಮ ಯಜಮಾನರ ಸಾಕ್ಷಿ ನಾಟಕವೆಂದು ನಾನು ಹೇಳಲಾರೆ. ಆದರೆ ಇದರ ಜೊತೆಗೇ ಇನ್ನೊಂದನ್ನು ಹೇಳದಿದ್ದರೆ ನಾನು ನಿಮಗೆ ಅನ್ಯಾಯ ಮಾಡಿದಂತೆ. ದೇವರು ನಿಧಾನವಾಗಿ ಕೆಲಸ ಮಾಡುತ್ತಾನೆ ಎಂಬ ಮಾತಿನಿಂದ ನ್ಯೂಟನ್‌ಗೆ ಸಮಾಧಾನವಾಗಬಹುದು. ಅವನ ಹಡಗಿನ ತಳದಲ್ಲಿ ಬಿದ್ದಿದ್ದವರಿಗೆ ನಲವತ್ತು ವರ್ಷ ಇರಲಿಲ್ಲ. ನಿಮ್ಮ ಮಗಳ ಬಾಲ್ಯಕ್ಕೂ ಅಷ್ಟು ವರ್ಷಗಳಿಲ್ಲ. ಆದ್ದರಿಂದ ತಾಳ್ಮೆಯಿಂದ ಕಾಯಿರಿ ಎಂದು ನಾನು ಬರೆಯುವುದಿಲ್ಲ.

ನೀವು ಮಾಡಬಹುದಾದದ್ದು ಇದು. ಹಬ್ಬಕ್ಕೆ ಮುಂಚೆಯೇ ಸಭಾಪಾಲಕರನ್ನೋ ಅವರ ಪತ್ನಿಯನ್ನೋ ಕಂಡು, ನನಗೆ ಬರೆದದ್ದನ್ನೇ ಅವರಿಗೆ ಹೇಳಿ. ಈ ವರ್ಷ ಯಜಮಾನರು ವೇದಿಕೆಯ ಮೇಲೆ ಸಾಕ್ಷಿ ಹೇಳುವುದು ಬೇಡ, ಅವರ ಜೊತೆ ಕುಳಿತು ಮಾತಾಡುವ ಹಿರಿಯರೊಬ್ಬರು ಬೇಕು ಎಂದು ಕೇಳಿ. ಹೊಸದಾಗಿ ನಂಬಿದವರ ಕೈಗೆ ಮೈಕು ಕೊಡುವ ಆತುರ ನಮ್ಮ ಸಭೆಗಳಲ್ಲಿ ಬಹಳ ಹೆಚ್ಚಾಗಿದೆ, ಅದರಿಂದ ಅವರಿಗೇ ಹಾನಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಜನರ ಮುಂದೆ ಒಮ್ಮೆ ಹೊಸ ಮನುಷ್ಯನೆನಿಸಿಕೊಂಡವನಿಗೆ ಮನೆಯಲ್ಲಿ ತಪ್ಪೊಪ್ಪಿಕೊಳ್ಳುವುದು ಇನ್ನಷ್ಟು ಕಷ್ಟವಾಗುತ್ತದೆ. ಆ ಹಿರಿಯರು ನಿಮ್ಮ ಯಜಮಾನರಿಗೆ ಎರಡೇ ಕೆಲಸ ಹೇಳಲಿ. ಈ ತಿಂಗಳ ಸಂಬಳವನ್ನು ನಿಮ್ಮ ಮುಂದಿಟ್ಟು ಖರ್ಚಿನ ಲೆಕ್ಕವನ್ನು ಇಬ್ಬರೂ ಕೂತು ಬರೆಯುವುದು ಒಂದು. ಮಗಳನ್ನು ಕರೆದು, ನನ್ನಿಂದ ನಿನಗೆ ಭಯವಾಗಿದೆ, ತಪ್ಪು ನನ್ನದು ಎಂದು ಬಾಯಿಬಿಟ್ಟು ಹೇಳುವುದು ಇನ್ನೊಂದು. ಆಕೆ ತಕ್ಷಣ ಓಡಿಬಂದು ತಬ್ಬಿಕೊಳ್ಳಬೇಕೆಂದು ಅವರು ನಿರೀಕ್ಷಿಸಬಾರದು.

ಕೈಯೆತ್ತುವುದೂ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ, ಅದನ್ನು ಸಹಿಸಿಕೊಳ್ಳುವುದು ನಿಮ್ಮ ಶಿಲುಬೆ ಎಂದು ಯಾರೇ ಹೇಳಿದರೂ ಒಪ್ಪಬೇಡಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡುವುದರಿಂದ ನಿಮ್ಮ ನಂಬಿಕೆಗೆ ಯಾವ ಕುಂದೂ ಬರುವುದಿಲ್ಲ.

ಪ್ರಶ್ನೆ: ನಾನು ಕ್ರೈಸ್ತ ಮನೆಯಲ್ಲೇ ಹುಟ್ಟಿದವಳು. ಯುವಜನರ ಕೂಟದಲ್ಲಿ ಎಲ್ಲರೂ ಇಂಥ ದಿನ, ಇಂಥ ಕೂಟದಲ್ಲಿ ಬದಲಾದೆ ಎಂದು ಹೇಳುತ್ತಾರೆ. ನನಗೆ ಹೇಳಲು ಅಂಥ ದಿನವೇ ಇಲ್ಲ. ನನ್ನ ನಂಬಿಕೆ ನಿಜವಲ್ಲವೇ? (ಕಾಲೇಜು ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ನಿಜವಾದದ್ದೇ ಮಗಳೇ. ದಮಸ್ಕದ ದಾರಿಯಲ್ಲಿ ಬೆಳಕು ಕಂಡು ನೆಲಕ್ಕೆ ಬಿದ್ದ ಪೌಲನೇ, ತನ್ನ ಶಿಷ್ಯ ತಿಮೊಥೆಗೆ ಬರೆಯುವಾಗ ಅಂಥ ಬೆಳಕಿನ ಮಾತೆತ್ತುವುದಿಲ್ಲ. ಮೊದಲು ನಿನ್ನ ಅಜ್ಜಿ ಲೋವಿಯಲ್ಲಿ, ಆಮೇಲೆ ನಿನ್ನ ತಾಯಿ ಯೂನಿಕೆಯಲ್ಲಿ ಇದ್ದ ನಂಬಿಕೆ ನಿನ್ನಲ್ಲಿಯೂ ಇದೆ ಎಂದು ನೆನಪಿಸುತ್ತಾನೆ. ತನ್ನದು ದೊಡ್ಡದು, ತಿಮೊಥೆಯದು ಸಣ್ಣದು ಎಂಬ ಸುಳಿವು ಆ ಪತ್ರದಲ್ಲಿ ಎಲ್ಲಿಯೂ ಇಲ್ಲ.

ಇನ್ನು, ದಿನಾಂಕ ಹೇಳಬಲ್ಲವರ ಬದಲಾವಣೆಯೂ ಆ ದಿನಾಂಕಕ್ಕೆ ಮುಗಿಯುವುದಿಲ್ಲ. ಪೌಲ ಆ ಘಟನೆಯಾದ ಮೇಲೆ ಅರಬಸ್ಥಾನಕ್ಕೆ ಹೋದ, ಮೂರು ವರ್ಷ ಕಳೆದ ಮೇಲಷ್ಟೇ ಯೆರೂಸಲೇಮಿಗೆ ಬಂದ. ಅಪೊಸ್ತಲರಲ್ಲಿ ಮುಖ್ಯನೆನಿಸಿದ ಪೇತ್ರ, ಯೆಹೂದ್ಯರಲ್ಲದ ಅನ್ಯಜನರ ಜೊತೆ ಊಟಕ್ಕೆ ಕೂತಿದ್ದವನು, ಸ್ವಜನರಾದ ಯೆಹೂದ್ಯರು ಬಂದರೆಂದು ಅಂಜಿ ಅಂತಿಯೋಕ್ಯದಲ್ಲಿ ಎದ್ದು ದೂರ ಸರಿದ. ಇವೆರಡೂ ಗಲಾತ್ಯದವರಿಗೆ ಬರೆದ ಪತ್ರದಲ್ಲಿವೆ, ಓದಿ ನೋಡು. ಕ್ರಿಸ್ಮಸ್ ರಾತ್ರಿಯ ಕುರುಬರ ವಿಷಯವನ್ನೂ ಗಮನಿಸು. ದೇವದೂತರ ಹಾಡು ಕೇಳಿದ ಮೇಲೆ ಅವರು ಕುರಿ ಕಾಯುವುದನ್ನು ಬಿಟ್ಟರೆಂದು ಲೂಕ ಬರೆದಿಲ್ಲ. ಕಂಡದ್ದನ್ನೂ ಕೇಳಿದ್ದನ್ನೂ ನೆನೆದು ದೇವರನ್ನು ಕೊಂಡಾಡುತ್ತಾ ಹಿಂದಿರುಗಿದರು ಎಂದಷ್ಟೇ ಇದೆ. ಯುವಜನರ ಕೂಟದಲ್ಲಿ ನಿನ್ನ ಸರದಿ ಬಂದಾಗ ಅಜ್ಜಿಯೋ ಅಮ್ಮನೋ ನಿನಗೆ ಕಲಿಸಿದ್ದನ್ನು ಹೇಳು. ಕೇಳುವವರಿಗೆ ಅದೂ ಬೇಕು.

ಪ್ರಶ್ನೆ: ನಾನು ಕ್ರೈಸ್ತನಲ್ಲ, ಇತಿಹಾಸದ ವಿದ್ಯಾರ್ಥಿ. ಪಂಡಿತಾ ರಮಾಬಾಯಿ ಮತಾಂತರಕ್ಕೆ ಮುಂಚೆಯೇ ವಿದ್ವಾಂಸೆಯಾಗಿದ್ದರು, ಸುಧಾರಕಿಯಾಗಿದ್ದರು. ಹಾಗಿರುವಾಗ ಕ್ರೈಸ್ತ ನಂಬಿಕೆ ಅವರನ್ನು ಬದಲಾಯಿಸಿತು ಎಂದು ನೀವು ಹೇಳುವುದು ಎಷ್ಟು ಸರಿ? (ಓದುಗರೊಬ್ಬರು, ಧಾರವಾಡ)

ಉತ್ತರ: ಒಳ್ಳೆಯ ಪ್ರಶ್ನೆ, ಮತ್ತು ನೀವು ಹೇಳಿದ ಮೊದಲ ಭಾಗ ಪೂರ್ತಿ ನಿಜ. ನಮ್ಮವರು ರಮಾಬಾಯಿಯವರ ಬಗ್ಗೆ ಬರೆಯುವಾಗ ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವುದು ನನಗೆ ಯಾವತ್ತೂ ಸರಿಕಂಡಿಲ್ಲ. ಕಾರ್ಕಳದ ಬಳಿಯ ಮಾಳದ ಆ ವಿದ್ವಾಂಸರು ಹೆಂಡತಿಗೆ ಸಂಸ್ಕೃತ ಕಲಿಸಿದರು. ಜನರ ವಿರೋಧ ಎದುರಾದಾಗ ಪಟ್ಟು ಬಿಡದೆ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡರು. 1858ರ ಏಪ್ರಿಲ್‌ನಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲಿಯೇ. ಮಗು ಆರು ತಿಂಗಳಾಗಿದ್ದಾಗ ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಘಟ್ಟ ಇಳಿಸಿದರಂತೆ. ಆಮೇಲೆ ಆ ಕುಟುಂಬ ತೀರ್ಥದಿಂದ ತೀರ್ಥಕ್ಕೆ ಪುರಾಣ ಹೇಳುತ್ತಾ ಅಲೆಯಿತು. 1874ರ ಸುಮಾರಿಗೆ ಬರಗಾಲದ ಹಸಿವೆಯಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಸತ್ತರು. ಅಣ್ಣನ ಜೊತೆ ನಡೆಯುತ್ತಾ 1878ರಲ್ಲಿ ಕಲ್ಕತ್ತೆ ತಲುಪಿದ ಆ ಹುಡುಗಿಯ ಸಂಸ್ಕೃತ ಕೇಳಿ ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಅಣ್ಣನೂ ತೀರಿಕೊಂಡ. ಬೇರೆ ಜಾತಿಯ ಬಂಗಾಳಿ ವಕೀಲರನ್ನು ಮದುವೆಯಾಗಿ, ಎರಡು ವರ್ಷ ತುಂಬುವುದರೊಳಗೆ ಹಸುಗೂಸನ್ನು ಕಟ್ಟಿಕೊಂಡು ವಿಧವೆಯಾದರು. 1882ರಲ್ಲಿ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು, ಶಿಕ್ಷಣದ ವಿಚಾರಣೆಗೆಂದು ಸರ್ಕಾರ ನೇಮಿಸಿದ್ದ ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರು, ವೈದ್ಯೆಯರು ಬೇಕೆಂದು ವಾದಿಸಿದರು. ಅವರು ಇಂಗ್ಲೆಂಡಿನ ವಾಂಟೇಜ್ ಎಂಬಲ್ಲಿ ದೀಕ್ಷಾಸ್ನಾನ ಪಡೆದದ್ದು ಇದೆಲ್ಲ ಆದ ಮೇಲೆ, 1883ರ ಸೆಪ್ಟೆಂಬರ್ 29ರಂದು.

ವಿದ್ಯೆ, ಧೈರ್ಯ, ವಿಧವೆಯರ ಕುರಿತ ಕಳಕಳಿ ಮೊದಲೇ ಇತ್ತು. ಹಾಗಾದರೆ ಬದಲಾದದ್ದೇನು? ಇದಕ್ಕೆ ರಮಾಬಾಯಿಯವರೇ ಕೊಟ್ಟ ಉತ್ತರವಿದೆ. ವಾಂಟೇಜಿನ ಸನ್ಯಾಸಿನಿಯರು ಲಂಡನ್ನಿನ ಫುಲ್ಹಮ್‌ನಲ್ಲಿ ನಡೆಸುತ್ತಿದ್ದ ಒಂದು ಆಶ್ರಯಕ್ಕೆ ಅವರನ್ನು ಕರೆದೊಯ್ದರು. ಸಮಾಜ ಕೆಟ್ಟವರೆಂದು ಹೊರಗಟ್ಟಿದ ಹೆಂಗಸರು ಅಲ್ಲಿದ್ದರು. ಅವರೇ ಈಗ ಬೇರೆಯವರ ಸೇವೆಗೆ ನಿಂತಿದ್ದರು. ಇಂಥವರಿಗಾಗಿ ಯಾರಾದರೂ ಹೀಗೆ ದುಡಿದದ್ದನ್ನು ರಮಾಬಾಯಿ ಅದುವರೆಗೆ ಕಂಡಿರಲಿಲ್ಲ. ಇವರ ಬಗ್ಗೆ ನಿಮಗೇಕೆ ಇಷ್ಟು ಅಕ್ಕರೆ ಎಂದು ಕೇಳಿದ್ದಕ್ಕೆ, ಒಬ್ಬ ಸನ್ಯಾಸಿನಿ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಓದಿ ಹೇಳಿದರು. ಐದು ಗಂಡಂದಿರಾಗಿದ್ದ ಸಮಾರ್ಯದ ಹೆಂಗಸಿನ ಹತ್ತಿರ ಯೇಸು ನೀರು ಕೇಳಿ, ಮಾತಾಡಿ, ದೇವರಾರಾಧನೆಯ ಬಗ್ಗೆ ಪಂಡಿತರಿಗೂ ಹೇಳದ್ದನ್ನು ಅವಳಿಗೆ ಹೇಳಿದ ಪ್ರಸಂಗ ಅದು. ತುಳಿತಕ್ಕೆ ಸಿಕ್ಕ ಹೆಣ್ಣನ್ನು ಎತ್ತಿ ನಿಲ್ಲಿಸಬಲ್ಲವನು ಇವನೇ ಎಂದು ತನಗೆ ಆಗ ಮನವರಿಕೆಯಾಯಿತೆಂದು ರಮಾಬಾಯಿ ಬರೆದಿದ್ದಾರೆ. ಹಿಂದೆ ಸಿಲ್ಚಾರ್‌ನ ಮನೆಯಲ್ಲಿ ಬಂಗಾಳಿಯ ಲೂಕನ ಸುವಾರ್ತೆಯ ಸಣ್ಣ ಪ್ರತಿಯೊಂದು ಸಿಕ್ಕಿದಾಗ ಅದನ್ನವರು ಆಸಕ್ತಿಯಿಂದ ಓದಿದ್ದರು. ಆದರೆ ಆ ಓದು ತಟ್ಟದ ಜಾಗಕ್ಕೆ ಫುಲ್ಹಮ್‌ನ ಹೆಂಗಸರು ತಟ್ಟಿದರು.

ಇಲ್ಲಿಂದ ಮುಂದಿನದನ್ನು ಇತಿಹಾಸದ ವಿದ್ಯಾರ್ಥಿಯಾಗಿ ನೀವೇ ತೂಗಿ ನೋಡಿ. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಅವರು ತೆರೆದ ಶಾರದಾ ಸದನ ಮುಖ್ಯವಾಗಿ ಮೇಲ್ಜಾತಿಯ ಬಾಲವಿಧವೆಯರಿಗಾಗಿತ್ತು. 1896ರ ಬರಗಾಲ ಮಧ್ಯಪ್ರಾಂತ್ಯವನ್ನು ಹಿಡಿದಾಗ ಅವರು ಸ್ವತಃ ಅಲ್ಲಿಗೆ ಹೋಗಿ, ಜಾತಿ ಕೇಳದೆ, ರೋಗ ನೋಡದೆ, ನೂರಾರು ಹುಡುಗಿಯರನ್ನು ಪುಣೆಯ ಬಳಿಯ ಕೇಡಗಾಂವ್‌ಗೆ ಕರೆತಂದರು. ಬರಗಾಲದಲ್ಲಿ ಅನಾಥೆಯಾಗಿ ಅಲೆದದ್ದನ್ನು ಅವರು ಮರೆತಿರಲಿಲ್ಲ. ಮುಕ್ತಿ ಎಂಬ ಹೆಸರಿನ ಆ ನೆಲೆಯಲ್ಲಿ ಅತ್ಯಾಚಾರಕ್ಕೂ ಮೋಸಕ್ಕೂ ಬಲಿಯಾದ ಹೆಂಗಸರಿಗಾಗಿ ಕೃಪಾ ಸದನ ಬಂತು, ಕುರುಡರಿಗೆ ಬೆರಳಿನಿಂದ ಓದುವ ಲಿಪಿಯನ್ನು ಕಲಿಸಿದರು, ಹೆಂಗಸರೇ ಅಚ್ಚುಮೊಳೆ ಜೋಡಿಸಿ ಮುದ್ರಣಾಲಯ ನಡೆಸಿದರು. ಮುಂದೆ ನಮ್ಮ ಗುಲ್ಬರ್ಗದಲ್ಲಿಯೂ ಒಂದು ಶಾಲೆ ತೆರೆಯಿತು. ಹೀಬ್ರೂ, ಗ್ರೀಕ್ ಕಲಿತು ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲನ್ನು ಅನುವಾದಿಸುವ ಕೆಲಸವನ್ನು, 1922ರ ಏಪ್ರಿಲ್ 5ರಂದು ತೀರಿಕೊಳ್ಳುವ ಮುನ್ನ ಮುಗಿಸಿದ್ದರು. ಹಿಂದಿನ ವರ್ಷವಷ್ಟೇ ಒಬ್ಬಳೇ ಮಗಳು ಮನೋರಮಾ ತೀರಿಕೊಂಡಿದ್ದಳು.

ಮತಾಂತರ ಅವರನ್ನು ವಿಧೇಯಳಾದ ಕ್ರೈಸ್ತಳನ್ನಾಗಿ ಮಾಡಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೊರಳಿನ ಶಿಲುಬೆಯ ಮೇಲೆ ಲ್ಯಾಟಿನ್ ಬರಹ ಬೇಡ, ಸಂಸ್ಕೃತವಿರಲಿ ಎಂದು ಹಟ ಹಿಡಿದರು. ಇಲ್ಲಿನ ಪುರೋಹಿತರ ನೊಗವನ್ನು ಬಲು ಕಷ್ಟದಿಂದ ಕಳಚಿದ್ದೇನೆ, ಇನ್ನೊಂದು ನೊಗಕ್ಕೆ ಕೊರಳೊಡ್ಡಲಾರೆ ಎಂದು ತಮ್ಮ ಗುರುಸ್ಥಾನದಲ್ಲಿದ್ದ ಸನ್ಯಾಸಿನಿಗೇ ಬರೆದರು. ಇತ್ತ 1893ರಲ್ಲಿ, ಸದನದ ಹುಡುಗಿಯರು ಅವರ ಪ್ರಾರ್ಥನೆಗೆ ಹೋಗುತ್ತಾರೆಂಬ ಆಕ್ಷೇಪ ಎದ್ದು, ಸಮಾಜ ಸುಧಾರಕರಾದ ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳೂ ಸದನದ ಸಲಹಾ ಮಂಡಲಿಯಿಂದ ಹೊರನಡೆದರು. ಆ ಆಕ್ಷೇಪದಲ್ಲಿ ನ್ಯಾಯವೆಷ್ಟು ಎಂಬುದನ್ನು ನೀವು ನನಗಿಂತ ಬೇರೆಯಾಗಿ ತೀರ್ಮಾನಿಸಬಹುದು.

ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ತೋರುವುದು ಅವರ ಒಂದು ಒಪ್ಪಿಗೆ. ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷಗಳಾದ ಮೇಲೆ ತನಗೊಂದು ವಿಷಯ ಹೊಳೆಯಿತು, ತನಗೆ ಇದುವರೆಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಎಂದು ಅವರು 1907ರಲ್ಲಿ ಬರೆದ ಆತ್ಮನಿವೇದನೆಯಲ್ಲಿ ಹೇಳಿದ್ದಾರೆ. ಇದನ್ನು ಬರೆಯುವ ಹೊತ್ತಿಗೆ ದೇಶವಿದೇಶದಲ್ಲಿ ಅವರ ಹೆಸರು ಮಿಷನ್ನಿನ ದೊಡ್ಡ ಸಾಧನೆಯೆಂದು ಹೇಳಲ್ಪಡುತ್ತಿತ್ತು. ಹೊಗಳುವವರಿಗೆ ಇದು ಹಿತವಾಗುವ ಮಾತಲ್ಲ, ಆದರೂ ಹೇಳಿದರು. ನಂಬಿಕೆ ರಮಾಬಾಯಿಯನ್ನು ಸೃಷ್ಟಿಸಲಿಲ್ಲ. ಅವರ ಕಣ್ಣು ಎಲ್ಲಿಯವರೆಗೆ ಹೋಗುತ್ತಿತ್ತೋ ಅದರಾಚೆ ಇದ್ದವರನ್ನು ತೋರಿಸಿತು, ಅವರಿಗಾಗಿ ಕೊನೆಯುಸಿರಿನವರೆಗೆ ದುಡಿಯುವ ಬಲ ಕೊಟ್ಟಿತು. ಹೀಗೆಂದು ಹೇಳಲು ಅವರ ಬರಹವೇ ನನಗೆ ಆಧಾರ.

ಪ್ರಶ್ನೆ: ನಾವು ಪ್ರತಿವರ್ಷ ಮನೆಯಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುತ್ತೇವೆ. ಬೇರೆ ಸಭೆಯ ಸ್ನೇಹಿತರೊಬ್ಬರು ಅದನ್ನು ಮಕ್ಕಳಾಟವೆಂದು ಹೇಳಿ, ಇದರಿಂದ ಯಾರ ಬದುಕು ಬದಲಾಗಿದೆ ಎಂದು ಕೇಳಿದರು. (ಓದುಗರೊಬ್ಬರು, ಉಡುಪಿ)

ಉತ್ತರ: ಗೋದಲಿಯ ಪದ್ಧತಿಯನ್ನು ಜನಪ್ರಿಯಗೊಳಿಸಿದ ಮನುಷ್ಯನ ಬದುಕು ಬದಲಾದ ಬಗೆಯನ್ನು ನಿಮ್ಮ ಸ್ನೇಹಿತರಿಗೆ ಹೇಳಿ. ಇಟಲಿಯ ಅಸಿಸಿ ಎಂಬ ಊರಿನ ಬಟ್ಟೆ ವ್ಯಾಪಾರಿಯ ಮಗ ಫ್ರಾನ್ಸಿಸ್‌ಗೆ ಯೌವನದಲ್ಲಿ ಕುಷ್ಠರೋಗಿಗಳನ್ನು ಕಂಡರೆ ಆಗುತ್ತಿರಲಿಲ್ಲ. 1226ರಲ್ಲಿ, ಸಾಯುವ ಮುನ್ನ, ಹಿಂಬಾಲಕರಿಗಾಗಿ ಬರೆಸಿದ ಮಾತುಗಳನ್ನು ಅವರು ಆರಂಭಿಸುವುದೇ ಇದರಿಂದ. ನಾನು ಪಾಪದಲ್ಲಿದ್ದಾಗ ಅವರನ್ನು ನೋಡುವುದೇ ನನಗೆ ಕಹಿಯಾಗಿತ್ತು, ಪ್ರಭುವೇ ನನ್ನನ್ನು ಅವರ ನಡುವೆ ಕರೆದೊಯ್ದನು, ಅವರಿಗೆ ಕರುಣೆ ತೋರಿದೆನು, ಹಿಂದಿರುಗುವಾಗ ಆ ಕಹಿಯೇ ಸಿಹಿಯಾಗಿತ್ತು ಎಂಬುದು ಅದರ ಭಾವ. ಇದೇ ಫ್ರಾನ್ಸಿಸ್ 1223ರ ಕ್ರಿಸ್ಮಸ್‌ನಲ್ಲಿ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಹುಲ್ಲು ಹಾಸಿದ ಗೋದಲಿ ಇಡಿಸಿ, ಎತ್ತನ್ನೂ ಕತ್ತೆಯನ್ನೂ ತರಿಸಿ, ಅಲ್ಲಿಯೇ ಬಲಿಪೂಜೆ ನಡೆಯುವಂತೆ ಮಾಡಿದರು. ಬೆತ್ಲೆಹೇಮಿನ ಕೂಸು ಎಂಥ ಕೊರತೆಯಲ್ಲಿ ಹುಟ್ಟಿತೆಂದು ಜನ ಕಣ್ಣಾರೆ ಕಾಣಲಿ ಎಂಬುದೇ ಅವರ ಆಸೆ.

ನಿಮ್ಮ ಕಡೆಯಲ್ಲೇ ಇದರ ಮುಂದುವರಿಕೆಯಿದೆ. ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ ಅವರು ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡಲು ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗೆಂದೇ ಆಶ್ರಯ ತೆರೆದರು. ಮುಟ್ಟಲು ಮನೆಯವರೂ ಹಿಂಜರಿಯುತ್ತಿದ್ದ ಕಾಲ ಅದು. ಗೋದಲಿ ಕಟ್ಟಿರಿ, ಮಕ್ಕಳ ಕೈಯಿಂದಲೇ ಕಟ್ಟಿಸಿರಿ. ಸ್ಪರ್ಧೆಗೆಂದು ಸಾವಿರಾರು ರೂಪಾಯಿಯ ದೀಪ, ಕಾರಂಜಿ ತಂದು ತುಂಬುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ತಟ್ಟೆಯನ್ನು ನೆಂಟರ ಮನೆಗೆ ಹಂಚುವ ಸಂಜೆ, ನಿಮ್ಮ ಬೀದಿಯಲ್ಲಿ ಯಾರೂ ಹೊಸ್ತಿಲು ತುಳಿಯದ ಮನೆ ಯಾವುದೆಂದು ಮಕ್ಕಳನ್ನೇ ಕೇಳಿ, ಅವರೊಂದಿಗೆ ಅಲ್ಲಿಗೆ ಮೊದಲು ಹೋಗಿ. ತಟ್ಟೆ ಕೊಟ್ಟು ಬಾಗಿಲಿನಿಂದಲೇ ತಿರುಗಬೇಡಿ, ಒಳಗೆ ಕುಳಿತು ಮಾತಾಡಿಸಿ.

ಪ್ರಶ್ನೆ: ತಂದೆ ತೀರಿಕೊಂಡ ಮೇಲೆ ಪಾಲು ಮಾಡಿಕೊಳ್ಳುವಾಗ, ಮುಂಬಯಿಯಲ್ಲಿದ್ದ ತಮ್ಮನಿಂದ ಕಾಗದಗಳಿಗೆ ಸಹಿ ಹಾಕಿಸಿಕೊಂಡು ನೀರಾವರಿಯ ಜಮೀನನ್ನು ನನ್ನ ಹೆಸರಿಗೆ ಮಾಡಿಕೊಂಡೆ. ಅವನು ನಂಬಿ ಓದದೆ ಸಹಿ ಹಾಕಿದ. ಈಗ ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ಪಡೆದಿದ್ದೇನೆ. ದೇವರ ಮುಂದೆ ಕಣ್ಣೀರಿಟ್ಟು ಕ್ಷಮೆ ಬೇಡಿದ್ದೇನೆ. ದ್ರೋಹ ಕ್ಷಮಿಸಲ್ಪಟ್ಟ ಮೇಲೂ ಜಮೀನು ಹಿಂದಿರುಗಿಸಬೇಕೇ? ಹೆಂಡತಿ, ಮಕ್ಕಳು ಒಪ್ಪುತ್ತಿಲ್ಲ. (ಓದುಗರೊಬ್ಬರು, ಹಾವೇರಿ ಜಿಲ್ಲೆ)

ಉತ್ತರ: ಹೌದು, ಹಿಂದಿರುಗಿಸಬೇಕು. ದೇವರ ಕ್ಷಮೆಯನ್ನು ನೀವು ದುಡ್ಡು ಕೊಟ್ಟು ಕೊಳ್ಳಬೇಕೆಂದಲ್ಲ. ಜಮೀನು ನಿಮ್ಮ ತಮ್ಮನದು, ಅದಕ್ಕಾಗಿ.

ಯೆರಿಕೋವಿನ ಸುಂಕದ ಅಧಿಕಾರಿ ಜಕ್ಕಾಯನ ಕಥೆಯನ್ನು ಲೂಕನ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಓದಿರುತ್ತೀರಿ. ಅಲ್ಲಿ ನಡೆದ ಕ್ರಮವನ್ನು ಗಮನಿಸಿ. ಮೋಸದ ಹಣ ಮೊದಲು ತಿರುಗಿಸು, ಆಮೇಲೆ ನಿನ್ನ ಮನೆಗೆ ಬರುತ್ತೇನೆ ಎಂದು ಯೇಸು ಹೇಳಲಿಲ್ಲ. ಈ ಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದನು. ಬೆತ್ಲೆಹೇಮಿನಲ್ಲಿಯೂ ಹಾಗೆಯೇ, ನಾವು ಸರಿಹೋದ ಮೇಲೆ ಬರುತ್ತೇನೆಂದು ಅವನು ಕಾಯಲಿಲ್ಲ. ಆದರೆ ಅವನು ಮನೆಗೆ ಕಾಲಿಟ್ಟ ಮೇಲೆ ಜಕ್ಕಾಯ ಹಾಡು ಹಾಡುತ್ತಾ ಕೂರಲಿಲ್ಲ. ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡದ್ದರ ನಾಲ್ಕರಷ್ಟು ಕಳೆದುಕೊಂಡವರಿಗೆ ಎಂದ. ಮೋಸದಿಂದ ಪಡೆದುದನ್ನು ಮೂಲದೊಂದಿಗೆ ಐದನೇ ಒಂದು ಭಾಗ ಸೇರಿಸಿ ಕೊಟ್ಟರೆ ಸಾಕೆಂದು ಹಳೆ ಒಡಂಬಡಿಕೆಯ ಯಾಜಕಕಾಂಡದಲ್ಲಿದೆ. ನಾಲ್ಕರಷ್ಟು ಎಂಬುದು ಕುರಿಯನ್ನು ಕದ್ದು ಕೊಯ್ದವನಿಗೆ ವಿಮೋಚನಕಾಂಡ ವಿಧಿಸಿದ ದಂಡ. ಜಕ್ಕಾಯ ತನಗೆ ತಾನೇ ಕಳ್ಳನ ದಂಡ ಹಾಕಿಕೊಂಡ. ಬೆಟ್ಟದ ಪ್ರಸಂಗದಲ್ಲಿ ಯೇಸು ಇನ್ನೂ ನೇರವಾಗಿ ಹೇಳುತ್ತಾನೆ. ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ದೂರಿದೆಯೆಂದು ನೆನಪಾದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗು. ನಿಮ್ಮ ಸಂದರ್ಭದಲ್ಲಿ ಸಹೋದರನೆಂದರೆ ಒಡಹುಟ್ಟಿದವನೇ.

ಹೆಂಡತಿ, ಮಕ್ಕಳ ವಿಷಯದಲ್ಲಿ ಒರಟಾಗಬೇಡಿ. ಅವರು ಈ ಜಮೀನನ್ನು ನಂಬಿ ಬದುಕಿದ್ದಾರೆ, ನಡೆದದ್ದು ಅವರಿಗೆ ಪೂರ್ತಿ ಗೊತ್ತಿರಲಿಕ್ಕೂ ಇಲ್ಲ. ಸಹಿ ಹಾಕಿಸಿಕೊಂಡ ದಿನ ಏನಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳಿ, ನಿಮ್ಮ ಸ್ವಂತ ಪಾಲಿನಲ್ಲಿ ಸಂಸಾರ ಹೇಗೆ ನಡೆಯುತ್ತದೆಂದು ಲೆಕ್ಕ ಹಾಕಿ ತೋರಿಸಿ. ಅವರು ಒಪ್ಪಲು ಸ್ವಲ್ಪ ಕಾಲ ಹಿಡಿದರೆ ಹಿಡಿಯಲಿ. ಆದರೆ ಒಪ್ಪಲಿಲ್ಲವೆಂಬುದನ್ನು ನೆಪ ಮಾಡಿಕೊಂಡು ವರ್ಷಗಟ್ಟಲೆ ತಳ್ಳಬೇಡಿ.

ಕೆಲಸ ಕಾಗದದ ಮೇಲೆಯೇ ಆಗಬೇಕು, ಬಾಯಿಮಾತಿನಲ್ಲಿ ಅಲ್ಲ. ಪಹಣಿ ತೆಗೆಸಿ, ತಮ್ಮನ ಭಾಗದಷ್ಟನ್ನು ಅಳೆದು ಬೇರೆ ಮಾಡಿ ತೋರಿಸುವ 11ಇ ಎಂಬ ಸರ್ವೆ ನಕ್ಷೆ ಮಾಡಿಸಲು ಅರ್ಜಿ ಹಾಕಿ, ದಾನಪತ್ರವೋ ಹೊಸ ವಿಭಾಗಪತ್ರವೋ ಯಾವುದು ಸರಿಯೆಂದು ವಕೀಲರನ್ನು ಕೇಳಿ, ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ಖರ್ಚು ನಿಮ್ಮದೇ ಆಗಿರಲಿ. ಇಷ್ಟು ವರ್ಷ ಆ ಜಮೀನಿನಿಂದ ಬಂದ ಬೆಳೆಯ ಲೆಕ್ಕವೂ ಇದೆ, ಅದನ್ನು ಒಮ್ಮೆಗೇ ಕೊಡಲಾಗದಿದ್ದರೆ ಕಂತಿನಲ್ಲಿ ಕೊಡುತ್ತೇನೆಂದು ಬರೆದುಕೊಡಿ. ತಮ್ಮ ನಿಮ್ಮನ್ನು ಕ್ಷಮಿಸುತ್ತಾನೋ ಇಲ್ಲವೋ ಅದು ಅವನಿಗೆ ಸೇರಿದ್ದು. ಕ್ಷಮಿಸದಿದ್ದರೂ ಜಮೀನು ಅವನಿಗೆ ಹೋಗಬೇಕು. ಅವನಿಗೆ ಪತ್ರ ಬರೆಯುವಾಗ ಯೇಸು ನನ್ನನ್ನು ಬದಲಾಯಿಸಿದ್ದಾನೆ ಎಂದು ಆರಂಭಿಸಬೇಡಿ. ನಾನು ನಿನಗೆ ಮೋಸ ಮಾಡಿದ್ದೇನೆ ಎಂದು ಬರೆದು, ಸರ್ವೆ ನಂಬರು, ಎಷ್ಟು ಗುಂಟೆ, ಕಾಗದಪತ್ರ ಯಾವಾಗ ಸಿದ್ಧವಾಗುತ್ತದೆ ಎಂಬುದನ್ನು ಮೊದಲು ತಿಳಿಸಿ. ಉಳಿದದ್ದನ್ನು ಅವನು ಕೇಳಿದಾಗ ಹೇಳಬಹುದು.